ನನ್ನ ರಾಜದೂತ್ 350 ಮತ್ತು ಒಂದು ಸೆಕೆಂಡಿನ ಲೆಕ್ಕ

ರಾಂಪುರದಲ್ಲಿ ನನ್ನಿಂದ ಪಾಠ ಹೇಳಿಸಿಕೊಂಡವರು ಎಲ್ಲಿ ಸಿಕ್ಕರೂ ಮೊದಲು ಕೇಳುವುದು ನನ್ನ ಆರೋಗ್ಯವನ್ನಲ್ಲ. "ಸಾರ್, ಆ ರಾಜದೂತ್ ಇನ್ನೂ ಇದೆಯಾ?" ಎಂದು ಕೇಳುತ್ತಾರೆ. ಇಲ್ಲ, 2003ರಲ್ಲಿಯೇ ಅದನ್ನು ಕೊಟ್ಟುಬಿಟ್ಟೆ. ಹನ್ನೊಂದು ವರ್ಷ ಮೊಳಕಾಲ್ಮೂರಿನಿಂದ ರಾಂಪುರದ ಪ್ರೌಢಶಾಲೆಗೆ ನನ್ನನ್ನು ಹೊತ್ತೊಯ್ದ ಆ ಗಾಡಿಯ ಬಗ್ಗೆ ಬರೆಯಬೇಕೆಂದು ಹಲವು ಶಿಷ್ಯರು ಕೇಳಿದ್ದುಂಟು. ಈಗ ಬರೆಯಲು ಮನೆಯೊಳಗಿನ ಕಾರಣವೊಂದು ಒದಗಿದೆ.

ನನ್ನ ತಂಗಿಯ ಮಗ ಬಳ್ಳಾರಿಯಿಂದ ತೋರಣಗಲ್ಲಿಗೆ ಪಾಳಿ ಕೆಲಸಕ್ಕೆ ಹೋಗುವವನು. ಕೆಲಸಕ್ಕೆ ಹೋಗಿಬರಲು ಅವನಿಗೆ ಕೆಟಿಎಂ ಆರ್‌ಸಿ 390 ಬೇಕು. "ಮಾವ, ನೀವೇ ಅಮ್ಮನಿಗೆ ಹೇಳಿ" ಎಂದು ಅವನು. "ಅಣ್ಣಾ, ನೀನು ಬೇಡ ಅಂದರೆ ಮಾತ್ರ ಅವನು ಕೇಳುತ್ತಾನೆ, ಬೇಡ ಅಂದುಬಿಡು" ಎಂದು ಅವಳು. ನಾನು ಬೇಡ ಎನ್ನಲಿಲ್ಲ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ಈ ಬರಹಗಳನ್ನು ಅವಳು ತಪ್ಪದೇ ಓದುತ್ತಾಳಾದ್ದರಿಂದ ನನ್ನ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ನಮ್ಮ ಕಾಲದ ಶಿಕ್ಷಕರಿಗೆ ಸೈಕಲ್ಲೇ ವಾಹನ. ಸ್ವಲ್ಪ ಅನುಕೂಲಸ್ಥರಾದರೆ ಲೂನಾ ಅಥವಾ ಸ್ಕೂಟರ್. ಮೋಟಾರ್ ಸೈಕಲ್ ಎಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಮೈಸೂರಿನ ಗಾಡಿ. 1961ರಲ್ಲಿ ಜಯಚಾಮರಾಜ ಒಡೆಯರ್ ಅವರು ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾ, 1970ರ ದಶಕದಲ್ಲಿ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್ ಹೊರಬಂದವು. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಸನ್ನೆಯಾಗುವ ಆ ಜಾಣತನವನ್ನು ಕಂಡು ನಾನು ವಿದ್ಯಾರ್ಥಿ ದೆಸೆಯಲ್ಲಿ ಬೆರಗಾಗಿದ್ದೆ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೊಂದು ಕಂಪೆನಿಯ ಮೂಲಕ ರಸ್ತೆಗೆ ಮರಳಿದವು.

ರಾಜದೂತ್ 350 ಬೇರೆಯದೇ ಜಾತಿ. ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದ 1983ರಲ್ಲಿಯೇ ಎಸ್ಕಾರ್ಟ್ಸ್ ಕಂಪೆನಿ ಜಪಾನಿನ ಯಮಹಾದ ಆರ್‌ಡಿ 350 ಗಾಡಿಯನ್ನು ಈ ಹೆಸರಿನಲ್ಲಿ ಇಲ್ಲಿ ತಯಾರಿಸತೊಡಗಿತು. 347 ಸಿ.ಸಿ., ಎರಡು ಸಿಲಿಂಡರು, ಎರಡು ಹೊಡೆತದ ಎಂಜಿನ್, ಆರು ಗೇರು, ಒಂದೂವರೆ ಕ್ವಿಂಟಾಲು ತೂಕ. ರೋಡ್‌ಕಿಂಗ್‌ನ ಶಕ್ತಿ 16 ಅಶ್ವಶಕ್ತಿಯಾದರೆ ಇದರದು ಸುಮಾರು 30. ನಂತರ ತಗ್ಗಿಸಿದ ಮಾದರಿಯಲ್ಲಿ 27. ಮೂಲದ ಜಪಾನಿ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿ ಹಾಕಿದ್ದು ಡ್ರಮ್. ಓಡುವ ಶಕ್ತಿಯನ್ನು ಉಳಿಸಿಕೊಂಡು ನಿಲ್ಲುವ ಶಕ್ತಿಯಲ್ಲಿ ಉಳಿತಾಯ ಮಾಡಿದ ಈ ಲೆಕ್ಕಾಚಾರವನ್ನು ಅಂದಿನಿಂದ ಇಂದಿನವರೆಗೂ ಬಲ್ಲವರು ಆಡಿಕೊಳ್ಳುತ್ತಲೇ ಇದ್ದಾರೆ.

ಲೀಟರಿಗೆ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ಮಾತ್ರ ಕೊಡುತ್ತಿದ್ದ ಆ ಬಿಳಿಯಾನೆಯನ್ನು ಸಾಕುವವರು ಕಡಿಮೆ. 1985ರಲ್ಲಿ ನಾಲ್ಕು ಹೊಡೆತದ ಹೀರೋ ಹೋಂಡಾ ಸಿಡಿ 100 ಬಂದ ಮೇಲಂತೂ ಜನ ಮೈಲೇಜಿಗೆ ಮರುಳಾದರು. ಆ ದಶಕ ಮುಗಿಯುವ ಹೊತ್ತಿಗೆ ರಾಜದೂತ್ 350 ತಯಾರಿಕೆ ನಿಂತೇಹೋಯಿತು. ಹಳೆಯ ಗಾಡಿಗಳು ಕೇಳುವವರಿಲ್ಲದೆ ಅಗ್ಗವಾದವು. ಹಾಗಾಗಿಯೇ 1992ರಲ್ಲಿ ಅಂಥದೊಂದು ಬಳ್ಳಾರಿಯಲ್ಲಿ ನನ್ನ ಕೈಗೆ ಎಟುಕಿತು.

ಅದರ ಸ್ವಭಾವವನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಮೆಲ್ಲಗೆ ಓಡಿಸುವಾಗ ಅದು ಸಾಧು ಪ್ರಾಣಿ. ಎಂಜಿನ್ನಿನ ಸುತ್ತು ನಿಮಿಷಕ್ಕೆ ನಾಲ್ಕೈದು ಸಾವಿರ ದಾಟಿತೆನ್ನಿ, ಬೆನ್ನಿಗೆ ಯಾರೋ ಗುದ್ದಿದಂತೆ ಮುಂದಕ್ಕೆ ನುಗ್ಗುತ್ತಿತ್ತು. ಎರಡು ಹೊಡೆತದ ಎಂಜಿನ್ನಿನಲ್ಲಿ ಸುಟ್ಟ ಅನಿಲ ಹೊರಹೋಗುವ ನಳಿಕೆಯ ಒತ್ತಡದ ಅಲೆಗಳು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಹೊಸ ಮಿಶ್ರಣವನ್ನು ಸಿಲಿಂಡರಿನೊಳಗೆ ಸರಿಯಾಗಿ ಹಿಡಿದಿಡುತ್ತವೆ. ಆ ನುಗ್ಗಾಟದ ಗುಟ್ಟು ಇದು. ಇಂಥ ಎಂಜಿನ್ನಿಗೆ ಇನ್ನೊಂದು ಗುಣವೂ ಉಂಟು. ಎಕ್ಸಲರೇಟರ್ ಬಿಟ್ಟರೆ ನಾಲ್ಕು ಹೊಡೆತದ ಎಂಜಿನ್ ಗಾಡಿಯನ್ನು ಹಿಡಿದೆಳೆದಂತೆ ಇದು ಎಳೆಯುವುದಿಲ್ಲ. ನಿಲ್ಲಿಸುವ ಹೊಣೆ ಪೂರ್ತಿ ಬ್ರೇಕಿನದು ಮತ್ತು ಸವಾರನದು.

ಇನ್ನು ನಮ್ಮ ರಸ್ತೆ. ಆ ಸೀಮೆಯನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ಹೊರಗಿರುವ ಬಂಧುಗಳಿಗಾಗಿ ಹೇಳುತ್ತೇನೆ. ತಳುಕು, ಬಿ.ಜಿ.ಕೆರೆ, ಹಾನಗಲ್, ರಾಂಪುರ ಮಾರ್ಗವಾಗಿ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿ ಮತ್ತು ಅದಕ್ಕೆ ಕೂಡುವ ದಾರಿಗಳೆಲ್ಲ ನೋಡಲು ನೇರ, ಬಯಲು. ಬಯಲೇ ಮೋಸ. ತಿರುವಿನಲ್ಲಿ ಬಳ್ಳಾರಿ ಜಾಲಿ ರಸ್ತೆಯ ಅಂಚಿನವರೆಗೂ ಬೆಳೆದು ಎದುರಿನದನ್ನು ಮರೆಮಾಡುತ್ತದೆ. ಆಷಾಢದ ಗಾಳಿ ಅಡ್ಡಲಾಗಿ ಬೀಸಿ ಗಾಡಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸುತ್ತದೆ. ಸುಗ್ಗಿಯಲ್ಲಿ ಹುರುಳಿ, ಸಜ್ಜೆ, ನವಣೆಯನ್ನು ಡಾಂಬರಿನ ಮೇಲೆಯೇ ಹರವಿ ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುತ್ತಾರೆ. ಹುರುಳಿಯ ಹೊಟ್ಟಿನ ಮೇಲೆ ಬ್ರೇಕ್ ಒತ್ತಿದವನ ಗತಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಓಡಿದವನ ಗತಿಯೇ. ಕುರಿಮಂದೆಗಳಿಗೆ ಕಾಲವೆಂಬುದಿಲ್ಲ. ಮ್ಯಾಸಬೇಡರ ದೇವರ ಎತ್ತುಗಳು ರಸ್ತೆ ದಾಟುವಾಗ ಎಂಜಿನ್ ಆರಿಸಿ ನಿಲ್ಲುವುದು ನನ್ನ ರೂಢಿಯಾಗಿತ್ತು. ಅವುಗಳ ಹಿಂದೆ ಬರುವ ಕಿಲಾರಿ ಕೈ ಎತ್ತಿ ನಮಸ್ಕರಿಸಿ ಹೋಗುತ್ತಿದ್ದ.

ನಾನು ಹೆಲ್ಮೆಟ್ ಧರಿಸುತ್ತಿದ್ದುದು ಆಗ ಊರಿಗೆಲ್ಲ ನಗೆಯ ವಿಷಯ. "ಮೇಷ್ಟ್ರು ತಲೆ ಮ್ಯಾಲೆ ಗಡಿಗೆ ಬೋರಲು ಹಾಕ್ಕೊಂಡು ಬತ್ತಾರೆ" ಎಂದು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಆ ಗಡಿಗೆಯೊಳಗೆ ತಲೆ ಬೆಂದದ್ದೂ ನಿಜ.

ವೇಗದ ಗಾಡಿಯಿಂದ ಸಮಯ ಉಳಿಯುತ್ತದೆ ಎನ್ನುತ್ತಾರಲ್ಲ, ಅದನ್ನು ಪರೀಕ್ಷಿಸಿ ನೋಡಿದವನು ನಾನು. ಲೆಕ್ಕಕ್ಕೆ ಇಪ್ಪತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 60ರಲ್ಲಿ ಇಪ್ಪತ್ತು ನಿಮಿಷ, 100ರಲ್ಲಿ ಹನ್ನೆರಡು ನಿಮಿಷ. ಕಾಗದದ ಮೇಲೆ ಎಂಟು ನಿಮಿಷದ ಲಾಭ. ಆದರೆ ಊರುಗಳು, ಉಬ್ಬುಗಳು, ಮಂದೆಗಳು, ಎದುರಿನ ಲಾರಿಗಳು ಎಲ್ಲವೂ ಸೇರಿದಾಗ ನನ್ನ ಎಚ್‌ಎಂಟಿ ಗಡಿಯಾರದಲ್ಲಿ ವ್ಯತ್ಯಾಸ ನಾಲ್ಕು ನಿಮಿಷವನ್ನು ದಾಟಲಿಲ್ಲ. ಪ್ರಾರ್ಥನೆಯ ಗಂಟೆಗೆ ಮುನ್ನ ಬರಬೇಕೆಂದರೆ ಮನೆಯನ್ನು ನಾಲ್ಕು ನಿಮಿಷ ಮೊದಲು ಬಿಟ್ಟರೆ ಸಾಕು, ಮೂವತ್ತು ಕುದುರೆಗಳ ಬಲ ಬೇಕಿಲ್ಲ. ಪೆಟ್ರೋಲಿನ ಲೆಕ್ಕ ಇನ್ನೂ ಕಹಿ. ದಿನಕ್ಕೆ 40 ಕಿಲೋಮೀಟರಿನಂತೆ 220 ದಿನಕ್ಕೆ 8,800 ಕಿಲೋಮೀಟರ್. ಲೀಟರಿಗೆ 25ರಂತೆ 352 ಲೀಟರ್ ಕುಡಿದ ಗಾಡಿ ನನ್ನದು; 60 ಕೊಡುವ ಗಾಡಿಯವನಿಗೆ 147 ಲೀಟರ್ ಸಾಕಾಗುತ್ತಿತ್ತು.

ಹಾಗಾದರೆ ಏಕೆ ಇಟ್ಟುಕೊಂಡಿರಿ ಎನ್ನುತ್ತೀರಿ. ನೇರವಾಗಿ ಹೇಳುತ್ತೇನೆ: ಚೆನ್ನಾಗಿ ಮಾಡಿದ ಯಂತ್ರವೊಂದರ ಜೊತೆ ದಿನಕ್ಕೆ ನಲವತ್ತು-ಐವತ್ತು ನಿಮಿಷ ಕಳೆಯುವುದು ನನಗೆ ಸಂತೋಷ ಕೊಡುತ್ತಿತ್ತು. ಒಬ್ಬರಿಗೆ ಸಂಗೀತ, ಒಬ್ಬರಿಗೆ ಇಸ್ಪೀಟು, ನನಗೆ ಇದು. ಗಂಟೆಗೆ 140 ಕಿಲೋಮೀಟರಿನಾಚೆಗೂ ಓಡಬಲ್ಲ ಗಾಡಿಯನ್ನು ದಿನವೂ 60ರಲ್ಲಿ ಓಡಿಸುವುದರಲ್ಲಿ ಒಂದು ಬಗೆಯ ಸಾಧನೆಯೂ ಇತ್ತು. ಕೈಯಲ್ಲಿರುವ ಬಲವನ್ನು ಬಳಸದಿರುವ ಅಭ್ಯಾಸ ಶಿಕ್ಷಕನಿಗೆ ತರಗತಿಯಲ್ಲಿಯೂ ಬೇಕಾಗುತ್ತದೆ!

ಹುಡುಗರಿಗೆ ಮಾತ್ರ ಕಂಡದ್ದು ಅದರ ಬಲ, ಅದರ ಸದ್ದು. ವಿರಾಮದಲ್ಲಿ ಗಾಡಿಯ ಸುತ್ತ ಜಾತ್ರೆ. ಬೈದು ಓಡಿಸುವ ಬದಲು ಒಮ್ಮೆ ಹತ್ತನೆಯ ತರಗತಿಯನ್ನು ಮೈದಾನಕ್ಕೆ ಕರೆದೊಯ್ದೆ. ಆ ವರ್ಷದವರಿಗೆ ಖಂಡಿತ ನೆನಪಿದ್ದೀತು. ಬೇಲಿಯ ಬಳಿ ಸುಣ್ಣದ ಗೆರೆ ಎಳೆದು "ಇಲ್ಲಿ ನಿಮಗೆ ಕುರಿ ಕಂಡಿತು" ಎಂದೆ. ಕಂಡದ್ದು ಮಿದುಳಿಗೆ ತಿಳಿದು ಕೈಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕು. ಗಂಟೆಗೆ 60ರಲ್ಲಿ ಆ ಒಂದು ಸೆಕೆಂಡಿನಲ್ಲಿಯೇ ಗಾಡಿ 17 ಮೀಟರ್ ಹೋಗಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕು ಎಂದೇ ಇಟ್ಟುಕೊಂಡರೂ ನಿಲ್ಲಲು ಇನ್ನೂ 20 ಮೀಟರ್, ಒಟ್ಟು 37. ಗಂಟೆಗೆ 100ರಲ್ಲಿ ಆ ಸೆಕೆಂಡಿಗೆ 28, ಬ್ರೇಕಿಗೆ 55. ಒಟ್ಟು 83 ಮೀಟರ್. ವೇಗ ದುಪ್ಪಟ್ಟಾದರೆ ಚಲನಶಕ್ತಿ ನಾಲ್ಕುಪಟ್ಟು ಎಂಬ ಪಾಠವನ್ನು ಹಗ್ಗ ಹಿಡಿದು ಅಳೆದದ್ದು ಅಂದು. ಮೈದಾನ ಸಾಲದೆ ಗೇಟಿನ ಹೊರಗೆ ಹೋಗಬೇಕಾಯಿತು.

ಆಮೇಲೆ ಕಪ್ಪುಹಲಗೆಯ ಮೇಲೆ ಇನ್ನೊಂದು ಲೆಕ್ಕ ಮಾಡಿಸಿದೆ. 60ರಲ್ಲಿ ಬಂದವನು ನಿಂತುಬಿಟ್ಟ ಆ 37ನೆಯ ಮೀಟರಿನಲ್ಲಿ, 100ರಲ್ಲಿ ಬಂದವನ ವೇಗ ಎಷ್ಟಿರುತ್ತದೆ? ಅರವತ್ತು, ನಲವತ್ತು ಎಂದು ಊಹಿಸಿದರು. ಉತ್ತರ ಗಂಟೆಗೆ ಸುಮಾರು 90 ಕಿಲೋಮೀಟರ್! ತರಗತಿ ಸ್ತಬ್ಧವಾಯಿತು. ರಾಂಪುರಕ್ಕೆ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳಿವೆಯಲ್ಲ, ಅವುಗಳಲ್ಲಿ ತಂದೆತಾಯಿಗಳ ಸೇವೆ, ಜೀವಿಗಳಲ್ಲಿ ದಯೆ, ಸತ್ಯ, ಗುರುಗಳಲ್ಲಿ ಗೌರವ ಇವುಗಳ ಬೋಧೆ ಇದೆ. ಗುರುವನ್ನು ಗೌರವಿಸದಿದ್ದರೂ ಚಿಂತೆಯಿಲ್ಲ, ಎದುರು ಬರುವ ಜೀವಿಯ ಬಗ್ಗೆ ದಯೆಯಿರಲಿ ಎಂದು ನಗುತ್ತಾ ಹೇಳಿದ್ದೆ.

ಅಂದು ಹಗ್ಗದ ಒಂದು ತುದಿ ಹಿಡಿದಿದ್ದ ಹುಡುಗನೊಬ್ಬ 2009ರಲ್ಲಿ ತೀರಿಕೊಂಡ. ಹೆಸರು ಬೇಡ, ಬಲ್ಲವರು ಬಲ್ಲಿರಿ. ರಾತ್ರಿ ಹೊತ್ತು, ರಸ್ತೆ ಬದಿ ಕೆಟ್ಟು ನಿಂತಿದ್ದ ಟ್ರ್ಯಾಕ್ಟರಿನ ಟ್ರೈಲರಿಗೆ ಹಿಂದಿನಿಂದ ಬಡಿದ. ಅವನ ಗಾಡಿ ಸಾಧಾರಣದ್ದು, ನೂರು ಸಿ.ಸಿ.ಯದು. ಟ್ರೈಲರಿಗೆ ದೀಪವಿರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ಅವನ ತಾಯಿಯ ಮುಂದೆ ಕುಳಿತಾಗ ನನಗೆ ಮಾತು ಹೊರಡಲಿಲ್ಲ. ದೊಡ್ಡ ಗಾಡಿ ಕೊಲ್ಲುತ್ತದೆ, ಸಣ್ಣ ಗಾಡಿ ಕಾಯುತ್ತದೆ ಎಂಬ ನಂಬಿಕೆ ಅಂದಿಗೆ ನನ್ನಿಂದ ದೂರವಾಯಿತು. ತಂಗಿಗೆ ನಾನು "ಬೇಡ" ಎಂಬ ಸುಲಭದ ಮಾತನ್ನು ಕೊಡಲಾಗದಿದ್ದುದು ಇದರಿಂದಲೇ. ಸಣ್ಣ ಗಾಡಿ ಕೊಡಿಸಿ ನಿಶ್ಚಿಂತೆಯಾಗಿ ಮಲಗು ಎಂದು ಅವಳಿಗೆ ಹೇಳಿದರೆ ಅದು ಸುಳ್ಳಾಗುತ್ತಿತ್ತು.

2014ರಲ್ಲಿ ನಮ್ಮ ದೇಶಕ್ಕೆ ಬಂದ ಆರ್‌ಸಿ 390ರ ಎಂಜಿನ್ 373 ಸಿ.ಸಿ., 43 ಅಶ್ವಶಕ್ತಿ. ನನ್ನ ರಾಜದೂತಿಗಿಂತ ಬಲಶಾಲಿ. ನಿಲ್ಲುವುದರಲ್ಲಂತೂ ಹೋಲಿಕೆಯೇ ಇಲ್ಲ. ಎರಡೂ ಚಕ್ರಕ್ಕೆ ಡಿಸ್ಕ್, ಜೊತೆಗೆ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್. 125 ಸಿ.ಸಿ. ಮೀರಿದ ಎಲ್ಲ ಹೊಸ ಗಾಡಿಗಳಿಗೂ 2019ರ ಏಪ್ರಿಲ್‌ನಿಂದ ಅದು ಕಡ್ಡಾಯವಾಗಿದೆ. ಆದರೆ ಪಂದ್ಯಕ್ಕೆಂದು ರೂಪಿಸಿದ ಗಾಡಿಯಲ್ಲಿ ಮುಂದಕ್ಕೆ ಬಾಗಿ ಮಣಿಕಟ್ಟಿನ ಮೇಲೆ ಭಾರ ಹಾಕಿ ಕೂರಬೇಕು. ದಿನವೂ ಹೋಗಿಬರುವವನ ಸೊಂಟ, ಕುತ್ತಿಗೆ ಅದನ್ನು ಮರೆಯುವುದಿಲ್ಲ. ಬಳ್ಳಾರಿಯ ಬಿಸಿಲಿನಲ್ಲಿ, ಲಾರಿಗಳ ಸಾಲಿನ ಹಿಂದೆ ತೆವಳುವಾಗ ಎಂಜಿನ್ನಿನ ಬಿಸಿಗಾಳಿ ತೊಡೆಗೇ ಬಡಿಯುತ್ತದೆ. ಇವೆಲ್ಲವನ್ನೂ ಅವನಿಗೆ ಹೇಳಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಂತ್ರ ಎಷ್ಟೇ ಸುಧಾರಿಸಿದರೂ ಮನುಷ್ಯನ ಆ ಒಂದು ಸೆಕೆಂಡು ಸುಧಾರಿಸಿಲ್ಲ ಎಂದೆ. 1992ರಲ್ಲಿ 100ರ ವೇಗಕ್ಕೆ 28 ಮೀಟರ್ ನುಂಗುತ್ತಿದ್ದ ಆ ಸೆಕೆಂಡು ಇಂದಿಗೂ ಅಷ್ಟನ್ನೇ ನುಂಗುತ್ತದೆ. ಎಬಿಎಸ್ ಕೆಲಸ ಮಾಡುವುದು ಆ ಸೆಕೆಂಡು ಮುಗಿದ ಮೇಲೆ.

ಒಪ್ಪಿಗೆಯ ಜೊತೆ ಮೂರು ಕರಾರು ಹಾಕಿದ್ದೇನೆ. ಹೆಲ್ಮೆಟ್, ಕೈಗವಸು, ಗಟ್ಟಿ ಪಾದರಕ್ಷೆ ಇಲ್ಲದೆ ಗಾಡಿ ಮನೆಯಿಂದ ಹೊರಡಕೂಡದು. ರಾತ್ರಿಯಲ್ಲಿ ದೀಪದ ಬೆಳಕು ಬೀಳುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ಗರಿಷ್ಠ ವೇಗ. ತಗ್ಗಿಸಿದ ದೀಪಕ್ಕೆ ನಲವತ್ತು-ಐವತ್ತು ಮೀಟರೆಂದರೆ, ಮೇಲಿನ ಲೆಕ್ಕದಂತೆ ಅದು 60. ಮೂರನೆಯದಕ್ಕೆ ಅವನು ತಕರಾರು ತೆಗೆದರೂ ನಾನು ಬಿಡಲಿಲ್ಲ: ರಾತ್ರಿ ಪಾಳಿಯಿದ್ದ ವಾರದಲ್ಲಿ ಬಸ್ಸು. ನಿದ್ದೆಗೆಟ್ಟವನಿಗೆ ಒಂದು ಸೆಕೆಂಡು ಎರಡಾಗುತ್ತದೆ, ಮೂರಾಗುತ್ತದೆ. 60ರಲ್ಲಿಯೂ ಪ್ರತಿ ಸೆಕೆಂಡಿಗೆ 17 ಮೀಟರ್. ಅವನು ಇದನ್ನೆಲ್ಲ ಪಾಲಿಸುತ್ತಾನೆಯೇ ಎಂದು ತಂಗಿ ಕೇಳುತ್ತಾಳೆ. ಅದಕ್ಕೆ ಜಾಮೀನು ನಾನು ಕೊಡಲಾರೆ. ಅವಳ ಭಯ ನ್ಯಾಯವಾದದ್ದೇ.

ಈಗ ತಂದೆತಾಯಿಗಳಾಗಿರುವ ನನ್ನ ಶಿಷ್ಯರಿಗೆ ಎರಡು ಮಾತು. ಹದಿನೆಂಟು ತುಂಬದ ಮಗನ ಕೈಗೆ ಗೇರಿನ ಗಾಡಿ ಕೊಡಬೇಡಿ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆಮನೆ ಉಂಟು. ದಂಡಕ್ಕಿಂತ ದೊಡ್ಡ ನಷ್ಟದ ಬಗ್ಗೆ ಮೇಲೆ ಬರೆದಿದ್ದೇನೆ. ಇನ್ನು ರಾಂಪುರದ ಸುತ್ತಮುತ್ತ ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಟ್ರೈಲರಿನ ಹಿಂಬದಿಗೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಲು ಒಂದು ಚೀಲ ಗೊಬ್ಬರದಷ್ಟೂ ಖರ್ಚಾಗುವುದಿಲ್ಲ. ಈ ಸುಗ್ಗಿ ಶುರುವಾಗುವ ಮೊದಲು ಅಂಟಿಸಿ.