ಬಟ್ಟೆಯ ಇಡ್ಲಿ

ಹೊಲಿಗೆಯನ್ನು ಹೊಸದಾಗಿ ಕಲಿಯುವವರಿಗೆ ಸೂಜಿಗಿಂತಲೂ ತಪ್ಪಿನ ಭಯವೇ ಹೆಚ್ಚಾಗಿ ಚುಚ್ಚುವುದು. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ನಡೆಯಬೇಕು. ಒಂದೆಳೆ ತಪ್ಪಿದರೆ ಗೋಪುರವೇ ವಾಲುವುದು. ಫೆಲ್ಟ್ ಎಂಬ ಬಟ್ಟೆಗೆ ಈ ಕಾಠಿನ್ಯವಿಲ್ಲ. ಅದು ನೆಯ್ದುದಲ್ಲ; ಉಣ್ಣೆಯ ನವಿರುಗಳು ಬಿಸಿನೀರು, ಸಾಬೂನು, ಒತ್ತಡಗಳಿಂದ ಒಂದಕ್ಕೊಂದು ತೊಡರಿಕೊಂಡು ಆದ ಹಾಳೆ. ಕಾಶ್ಮೀರದ ನಮದಾ ಇದೇ ಕುಲದ್ದು. ಈಗ ಅಂಗಡಿಗಳಲ್ಲಿ ಕೃತಕ ನಾರಿನ ಫೆಲ್ಟೂ ದೊರೆಯುವುದು. ಹಾಸುಹೊಕ್ಕೇ ಇಲ್ಲದ ಮೇಲೆ ಕತ್ತರಿಸಿದ ಅಂಚು ಬಿಚ್ಚಿಕೊಳ್ಳುವುದೆಂತು? ಮಡಿಸಿ ಹೊಲಿಯುವ ಕಷ್ಟವೂ ತಪ್ಪಿತು.

ಆದುದರಿಂದಲೇ ಮಕ್ಕಳ ಅಡಿಗೆಯಾಟಕ್ಕೆ ಬೇಕಾದ ತಿಂಡಿಗಳನ್ನು ಇದರಿಂದ ಹೊಲಿಯುವುದು ಮೊದಲ ಪಾಠಕ್ಕೆ ತಕ್ಕುದು. ಬಿಳಿಯ ಫೆಲ್ಟಿನ ಎರಡು ಬಿಲ್ಲೆಗಳನ್ನು ಅಂಚುಗೂಡಿಸಿ ಹೊಲಿಯುತ್ತ, ಎರಡು ಬೆರಳಿನಷ್ಟು ಬಾಯಿ ಬಿಟ್ಟು, ಹತ್ತಿ ತುಂಬಿ ಮುಚ್ಚಿದರೆ ಇಡ್ಲಿಯಾಯಿತು. ಹಸುರು ಹಾಳೆಯ ಮೇಲೆ ದಾರದ ಗೆರೆಗಳನ್ನೆಳೆದರೆ ಬಾಳೆಯೆಲೆ. ಹತ್ತಿ ಹೆಚ್ಚಾಗಿ ಅಂಚು ಸುಕ್ಕಾದರೂ ಇಡ್ಲಿ ಇಡ್ಲಿಯೇ. ಒಲೆಯ ಮೇಲಿನದು ಮಾತ್ರ ದಿನವೂ ದುಂಡಗೆ ಬರುವುದೇ? ಎಳೆಯ ಕೂಸುಗಳಿರುವ ಮನೆಯಲ್ಲಿ ಅಲಂಕಾರಕ್ಕೆಂದು ಮಣಿ, ಗುಂಡಿಗಳನ್ನು ಹೊಲಿಯಲಾಗದು. ಕಿತ್ತು ಬಂದರೆ ಗಂಟಲಿಗೆ ಸಿಕ್ಕುವ ಅಪಾಯವುಂಟು.

ನಡುವಯಸ್ಸಿನಲ್ಲಿ ಮೊದಲ ಬಾರಿಗೆ ಸೂಜಿ ಹಿಡಿದವರು ತಮ್ಮ ಕೆಲಸವನ್ನು ಅಳುಕುತ್ತಲೇ ಮಗುವಿನ ಮುಂದಿಡುವರು. ಮಗುವಾದರೋ ಹೊಲಿಗೆಯ ಸೊಟ್ಟನ್ನು ನೋಡುವುದೇ ಇಲ್ಲ. ಇಡ್ಲಿಯನ್ನು ಬಾಯಿಯ ಬಳಿಗೊಯ್ದು ಚಪ್ಪರಿಸಿ, ಚಟ್ನಿಯೆಲ್ಲಿ ಎಂದು ಕೇಳುವುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಬಿರುದಿಲ್ಲ. ಎರಡನೆಯ ಪಾಠವೇನೆಂಬುದೂ ಅಲ್ಲಿಯೇ ಗೊತ್ತಾಯಿತು.