ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಮ್ಮ ಕೇರಿಯ ಲಗೋರಿಯಲ್ಲಿ ಬಹುಕಾಲ ನನಗಿದ್ದ ಹುದ್ದೆ ಇದೇ. ಈಗ ಯಾರಿಗಾದರೂ ಹೀಗೆಂದರೆ ಮುಖ ಊದಿಸಿಕೊಳ್ಳುತ್ತಾರೆ. ನನಗಂತೂ ಅಂಥ ಸುಖದ ನೌಕರಿ ಆಮೇಲೆ ಸಿಗಲಿಲ್ಲ. ಚೆಂಡು ಬೆನ್ನಿಗೆ ಬಿದ್ದರೂ ನಾನು ಔಟಲ್ಲ. ನನ್ನ ಕೈ ತಾಗಿ ಜೋಡಿಸಿದ ಕಲ್ಲೆಲ್ಲ ಉರುಳಿದರೂ ಬೈಗುಳವಿಲ್ಲ. ದೊಡ್ಡ ಹುಡುಗರ ಹಿಂದೆ ಮುಂದೆ ಓಡುವುದಷ್ಟೇ ಕೆಲಸ. ದೀಪ ಹಚ್ಚುವ ಹೊತ್ತಿಗೆ ಅಮ್ಮ ಬಂದು ಕಿವಿ ಹಿಡಿದು ಎಳೆದೊಯ್ಯುವ ತನಕ ಓಡುತ್ತಿದ್ದೆ. ರಾತ್ರಿ ಮೂರನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದೆ. ಕ್ಯಾಲರಿ ಇನ್ನೂ ನಮ್ಮ ಕೇರಿಗೆ ಕಾಲಿಟ್ಟಿರಲಿಲ್ಲ.

ಲೆಕ್ಕ ಶುರುವಾದದ್ದು ಹೈಸ್ಕೂಲಿನಲ್ಲಿ. ಡ್ರಿಲ್ ಮೇಷ್ಟ್ರು ಸೀಟಿ ಊದಿ, ಸಾಲಾಗಿ ನಿಲ್ಲಿಸಿ, ಕಾಲುಗಳನ್ನು ನೋಡಿಯೇ ನಮ್ಮನ್ನು ಇಬ್ಭಾಗ ಮಾಡುತ್ತಿದ್ದರು. ಉದ್ದ ಕಾಲಿನವರು ತಾಲ್ಲೂಕು ಮಟ್ಟದ ಖೋ ಖೋಗೆ. ಉಳಿದವರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದಕ್ಕೆ, ಅವರ ಅಂಗಿ ಚಪ್ಪಲಿ ಕಾಯುವುದಕ್ಕೆ. ಓಡಬೇಕಾದ ಜರೂರು ಯಾರಿಗೆ ಹೆಚ್ಚಿತ್ತು ಎನ್ನುವುದು ಚಪ್ಪಲಿ ಕಾಯುತ್ತಿದ್ದವರ ಹೊಟ್ಟೆ ನೋಡಿದರೆ ತಿಳಿಯುತ್ತಿತ್ತು.

ಈಗ ನಮ್ಮ ಬಡಾವಣೆಯ ಮೈದಾನದಲ್ಲಿ ಬೇಸಿಗೆ ಕ್ರಿಕೆಟ್ ಶಿಬಿರ ನಡೆಯುತ್ತದೆ. ನಾನು ಕಲ್ಲುಬೆಂಚಿನ ಖಾಯಂ ಪ್ರೇಕ್ಷಕ. ಕೆಲವು ಮಕ್ಕಳ ಹೆಸರು ಫೀಸಿನ ಪಟ್ಟಿಯಲ್ಲಿ ದಪ್ಪಗಿದೆ, ಬ್ಯಾಟಿಂಗಿಗೆ ಮಾತ್ರ ಸರದಿ ಬರುವುದಿಲ್ಲ. ಲೆಕ್ಕಕ್ಕುಂಟು, ಆಟಕ್ಕಿಲ್ಲ! ಸರದಿ ಬಂದವರ ಪಾಡೂ ಸುಖದ್ದಲ್ಲ. ಒಬ್ಬ ಪುಟ್ಟ ಪ್ರತಿ ಚೆಂಡು ಆಡಿದ ಮೇಲೂ ಬಲೆಯಾಚೆ ನಿಂತ ಅಪ್ಪನ ಮುಖ ನೋಡುತ್ತಾನೆ. ಹಾಗೆ ನೋಡುತ್ತಿರುವಾಗಲೇ ಮುಂದಿನ ಚೆಂಡು ಬಂದು ಸ್ಟಂಪು ಹಾರಿಸಿರುತ್ತದೆ.

ಕ್ರೀಡಾ ಮನೋವಿಜ್ಞಾನಿಗಳು ಮೈದಾನಕ್ಕೂ ಒಂದು ಹವೆ ಇರುತ್ತದೆ ಎನ್ನುತ್ತಾರೆ. ನಿನ್ನೆಗಿಂತ ಇವತ್ತು ಚೆನ್ನಾಗಿ ಆಡಿದೆಯಾ ಎಂದು ನೋಡುವ ಹವೆ ಒಂದು, ಪಕ್ಕದ ಮನೆಯವನಿಗಿಂತ ಚೆನ್ನಾಗಿ ಆಡಿದೆಯಾ ಎಂದು ನೋಡುವ ಹವೆ ಇನ್ನೊಂದು. ಅಮೆರಿಕದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಎಂಬಿಬ್ಬರು ಈ ಹವೆ ಬದಲಿಸಲು ಬೇಸ್‌ಬಾಲ್ ಕೋಚುಗಳಿಗೇ ಪಾಠ ಹೇಳಿದರು: ಶ್ರಮಪಟ್ಟರೆ ಹೊಗಳಿ, ತಪ್ಪಿದರೆ ಬೈಯದೆ ತೋರಿಸಿಕೊಡಿ. ಪಾಠ ಕೇಳಿದ್ದು ಕೆಲವೇ ಗಂಟೆ. 1992ರಲ್ಲಿ ನ್ಯಾನ್ಸಿ ಬಾರ್ನೆಟ್ ಜೊತೆ ಅವರು ಪ್ರಕಟಿಸಿದ ಫಲಿತಾಂಶ ಹೀಗಿದೆ. ಮಾಮೂಲಿ ಕೋಚುಗಳ ಕೈಕೆಳಗಿದ್ದ ಮಕ್ಕಳಲ್ಲಿ ಶೇ. 26ರಷ್ಟು ಮುಂದಿನ ವರ್ಷ ಆಟಕ್ಕೆ ಬರಲಿಲ್ಲ. ಪಾಠ ಕೇಳಿದ ಕೋಚುಗಳ ಹತ್ತಿರ ಬಿಟ್ಟುಹೋದವರು ಶೇ. 5 ಮಾತ್ರ. ಸೋಲು ಗೆಲುವಿನಲ್ಲಿ ಎರಡೂ ಕಡೆಯವರು ಹೆಚ್ಚು ಕಡಿಮೆ ಒಂದೇ. ಅಂದರೆ ಅಷ್ಟೂ ಬೈಗುಳ ದಂಡ!

ನಾರ್ವೆಯವರು ಇನ್ನೂ ಘಾಟಿಗಳು. ನಮ್ಮ ಕೇರಿಯ ಕಾನೂನನ್ನೇ ಇಡೀ ದೇಶದ ಮಕ್ಕಳಾಟಕ್ಕೆ ಕಟ್ಟಳೆ ಮಾಡಿಕೊಂಡಿದ್ದಾರೆ. ಅಲ್ಲಿ ಮಕ್ಕಳ ಕ್ರೀಡೆಗೆ 1987ರಿಂದ ನಿಯಮಗಳಿವೆ. ಮಗುವಿಗೆ 11 ತುಂಬುವ ವರ್ಷ ಬರುವ ತನಕ ಫಲಿತಾಂಶದ ಪಟ್ಟಿ, ಶ್ರೇಯಾಂಕ ಯಾವುದೂ ಕೂಡದು. ಹೀಗೆ ಲೆಕ್ಕವಿಲ್ಲದೆ ಬೆಳೆಸಿಯೂ 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 16 ಚಿನ್ನ ಬಾಚಿ ಮೊದಲಿಗರಾದರು. ಹಿಮ ಬೀಳುವ ದೇಶ, ಅದರಲ್ಲೇನು ಹೆಚ್ಚುಗಾರಿಕೆ ಅನ್ನಬಹುದು. ಹಾಗಾದರೆ ಆಗುಂಬೆಯವರೆಲ್ಲ ಈಜಿನಲ್ಲಿ ಪದಕ ತರಬೇಕಿತ್ತು.

ಪದಕದ ಮಾತು ಬಿಡಿ. ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅದರ ಅಂಕಿಗಳ ಪ್ರಕಾರ ಜಗತ್ತಿನ 11ರಿಂದ 17ರ ವಯಸ್ಸಿನವರಲ್ಲಿ ಐವರಲ್ಲಿ ನಾಲ್ವರು ಅಷ್ಟು ಕದಲುತ್ತಿಲ್ಲ. ಗೆದ್ದವರು ಹೇಗೂ ಓಡುತ್ತಲೇ ಇರುತ್ತಾರೆ. ನನ್ನ ಚಿಂತೆ ಕಿಟ್ ಬ್ಯಾಗನ್ನು ಅಟ್ಟಕ್ಕೆಸೆದು ಸೋಫಾ ಸೇರಿದವರದ್ದು. ಮೂಳೆ, ಗುಂಡಿಗೆ, ನಿದ್ದೆ ಎಲ್ಲವೂ ಅವರಿಗೂ ಬೇಕಲ್ಲ.

ಇದನ್ನೆಲ್ಲ ಆ ಬಲೆಯಾಚೆಯ ಅಪ್ಪನಿಗೆ ಚಹಾದಂಗಡಿಯಲ್ಲಿ ವಿವರವಾಗಿ ಹೇಳಿದೆ. ಅವರು ಬಹಳ ಶ್ರದ್ಧೆಯಿಂದ ಕೇಳಿದರು, ನಡುವೆ ತಲೆಯನ್ನೂ ಆಡಿಸಿದರು. ನನಗೆ ಉತ್ಸಾಹ ಬಂದು ಇನ್ನೊಂದು ಬೈಟೂ ಹೇಳಿದೆ. ಚಹಾ ಮುಗಿಸಿ ಅವರು ಮೊಬೈಲು ತೆಗೆದರು.

“ಸಾರ್, ಆ ಶೇಕಡ 5ರ ಕೋಚ್ ಇದಾರಲ್ಲ, ಅಂಥವರು ಇಲ್ಲಿ ಯಾರಾದ್ರೂ ಇದ್ರೆ ನಂಬರ್ ಕೊಡಿ. ಅವರ ಹತ್ರ ಕಲಿತ ಹುಡುಗರಲ್ಲಿ ಎಷ್ಟು ಜನ ಅಂಡರ್ 14ಗೆ ಸೆಲೆಕ್ಟ್ ಆಗಿದಾರೆ?”