ಲ್ಯಾಮಿಂಗ್ಟನ್ ರಸ್ತೆಯ ಬೆಳಕಿನ ಪಟ್ಟಿ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿಳಿದು ಪೂರ್ವದ ಕಡೆಗೆ ಹೊರಬಿದ್ದರೆ ಹೆಚ್ಚು ನಡೆಯುವ ಶ್ರಮವಿಲ್ಲದೆ ಸಿಗುವುದು ಲ್ಯಾಮಿಂಗ್ಟನ್ ರಸ್ತೆ. 1903ರಿಂದ 1907ರವರೆಗೆ ಮುಂಬಯಿಯ ಗವರ್ನರನಾಗಿದ್ದವನ ಹೆಸರದು. ಫಲಕದ ಮೇಲೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗವೆಂದು ಬರೆದಿದ್ದರೂ ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ. ಒಂದು ಕಾಲಕ್ಕೆ ಇದು ಸಿನೆಮಾ ಮಂದಿರಗಳ ಬೀದಿ. 1975ರಲ್ಲಿ ಬಂದ ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಇಲ್ಲಿಯೇ ಇತ್ತು. ಈಗ ಈ ಬೀದಿಗೆ ಹೆಸರು ತಂದಿರುವುದು ಇಲೆಕ್ಟ್ರಾನಿಕ್ ಸಾಮಾನು. ಗಣೇಶ ಚತುರ್ಥಿ ಸಮೀಪಿಸಿತೆಂದರೆ ಮಂಟಪ ಕಟ್ಟುವ ಹುಡುಗರೂ, ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಮಾಡುವ ಮಕ್ಕಳೂ, ಅವರ ತಂದೆಯರೂ ಇಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ.

ಅವರು ಕೇಳುವ ಸಾಮಾನುಗಳಲ್ಲಿ ಎಲ್‌ಇಡಿ ಪಟ್ಟಿಯೂ ಒಂದು. ಸೀರೆಯ ಅಂಚಿನಂತೆ ಸುರುಳಿ ಸುತ್ತಿ, ಸಾಮಾನ್ಯವಾಗಿ 5 ಮೀಟರಿನ ಉರುಳೆಯಾಗಿ ಬರುತ್ತದೆ. ಬೆನ್ನಿಗೆ ಅಂಟು, ಮುಖದ ಮೇಲೆ ಅಕ್ಕಿಕಾಳಿನಷ್ಟು ದೀಪಗಳ ಸಾಲು. ಗಿರಾಕಿ ಬಣ್ಣದ ಚೆಂದ ನೋಡುತ್ತಿರುವಾಗ ಅಂಗಡಿಯವನು, “ಕಿತನೇ ವೋಲ್ಟ್ ಕಾ?” ಎಂದು ಕೇಳುತ್ತಾನೆ. ಅಲ್ಲಿಗೆ ಪಾಠ ಪ್ರಾರಂಭವಾಯಿತೆನ್ನಿ!

ಮನೆಗೆಲಸಕ್ಕೆ 12 ವೋಲ್ಟಿನ ಪಟ್ಟಿ ಸಾಕು. ಇದರಲ್ಲಿ ಮೂರು ಮೂರು ದೀಪಗಳಿಗೆ ಒಂದೊಂದು ಗುಂಪು. ಒಂದು ಬಿಳಿ ದೀಪಕ್ಕೆ ಸುಮಾರು 3 ವೋಲ್ಟು ಬೇಕು, ಮೂರಕ್ಕೆ 9. ಉಳಿದದ್ದನ್ನು ಗುಂಪಿನಲ್ಲಿರುವ ಪುಟ್ಟ ರೆಸಿಸ್ಟರು ನುಂಗಿ ಪ್ರವಾಹವನ್ನು ಹದ್ದಿನಲ್ಲಿಡುತ್ತದೆ. ಆದುದರಿಂದ ಎರಡು ಗುಂಪುಗಳ ನಡುವೆ ಗೆರೆ ಹಾಕಿದಲ್ಲಿ ಮಾತ್ರವೇ ಕತ್ತರಿ ಇಡಬೇಕು. ಮೀಟರಿಗೆ 60 ದೀಪಗಳಿದ್ದರೆ 5 ಸೆಂಟಿಮೀಟರಿಗೊಮ್ಮೆ ಆ ಗೆರೆ ಬರುತ್ತದೆ.

ಇನ್ನು ಅಡಾಪ್ಟರಿನ ಲೆಕ್ಕ. ‘3528’ ಎಂಬ ಸಣ್ಣ ದೀಪಗಳ ಪಟ್ಟಿ—ದೀಪದ ಅಳತೆ 3.5 ಮತ್ತು 2.8 ಮಿಲಿಮೀಟರು—ಮೀಟರಿಗೆ 60 ದೀಪಗಳಿದ್ದರೆ ಸುಮಾರು 4.8 ವಾಟು ಬೇಡುತ್ತದೆ. ಎರಡು ಮೀಟರಿಗೆ 9.6 ವಾಟು, 12ರಿಂದ ಭಾಗಿಸಿದರೆ 0.8 ಆಂಪಿಯರು. 2 ಆಂಪಿಯರಿನ ಅಡಾಪ್ಟರು ಈ ಹೊರೆಯನ್ನು ನಿರಾಯಾಸವಾಗಿ ಹೊರುತ್ತದೆ. ಪಟ್ಟಿ ಉದ್ದವಾದಷ್ಟೂ ಕೊನೆಯ ದೀಪಗಳು ಮಂಕಾಗುತ್ತವೆ; ಚಾಳಿನ ಮೇಲಂತಸ್ತಿನ ನಲ್ಲಿಯಲ್ಲಿ ನೀರು ಸೊರಗುವುದಿಲ್ಲವೆ, ಹಾಗೆಯೇ. ಎರಡೂ ತುದಿಗಳಿಂದ ವಿದ್ಯುತ್ತು ಕೊಟ್ಟರೆ ಬೆಳಕು ಸಮವಾಗುತ್ತದೆ.

ಇಷ್ಟೆಲ್ಲ ಪರಿಶ್ರಮ ಮಂಟಪದ ಅಲಂಕಾರಕ್ಕೆ ಮಾತ್ರವೇ? ನಮ್ಮ ಅಡಿಗೆಮನೆಗಳನ್ನು ಒಮ್ಮೆ ನೋಡೋಣ. ಮುಂಬಯಿಯ ಎಷ್ಟೋ ಸಣ್ಣ ಮನೆಗಳಲ್ಲಿ ದೀಪವಿರುವುದು ನೆತ್ತಿಯ ಹಿಂದೆ, ಗೋಡೆಯ ಮೇಲೆ. ಕಟ್ಟೆಯ ಮುಂದೆ ನಿಂತವರ ನೆರಳು ಹೆಚ್ಚುವ ತರಕಾರಿಯ ಮೇಲೆಯೇ ಬೀಳುತ್ತದೆ. ಕಣ್ಣು ಮಂಜಾದ ಅಜ್ಜಿ ತನ್ನ ನೆರಳಿನಲ್ಲಿಯೇ ಅಕ್ಕಿಯ ಕಲ್ಲು ಆರಿಸುತ್ತಾಳೆ, ಚಾಕು ಹಿಡಿಯುತ್ತಾಳೆ. ಕಟ್ಟೆಯ ಮೇಲಿನ ಕಪಾಟಿನ ಅಡಿಗೆ, ಮುಂದಿನ ಅಂಚಿಗೆ ಒಂದೆರಡು ಮೀಟರು ಪಟ್ಟಿ ಅಂಟಿಸಿದರೆ ಬೆಳಕು ನೇರವಾಗಿ ಕೈಯ ಮೇಲೆ ಬೀಳುತ್ತದೆ. ವಿದ್ಯುತ್ತಿನ ಖರ್ಚು ಸುಮಾರು 10 ವಾಟು ಮಾತ್ರ.

ಈ ಕೆಲಸವನ್ನು ಹತ್ತು ಹನ್ನೆರಡು ವರ್ಷದ ಮಕ್ಕಳೊಡನೆ ಮಾಡಿರಿ. ಅಳತೆ ಹಿಡಿಯಲಿ, ಲೆಕ್ಕ ಹಾಕಲಿ, ಕೂಡು ಹಾಗೂ ಕಳೆ ಗುರುತು ನೋಡಿ ತಂತಿ ಜೋಡಿಸಲಿ. ಬೆಸುಗೆ ಹಾಕುವಾಗ ದೊಡ್ಡವರು ಪಕ್ಕದಲ್ಲಿರಲಿ. ಹಗಬೆ ಮತ್ತು ಎಣ್ಣೆಯ ಜಿಡ್ಡು ತಾಗುವ ಸ್ಥಳವಾದ್ದರಿಂದ ಸಿಲಿಕೋನ್ ಹೊದಿಕೆಯಿರುವ ಪಟ್ಟಿಯನ್ನೇ ಕೇಳಿರಿ. ಎಣ್ಣೆ ಕಲೆ ಒರೆಸಿ ಒಣಗಿಸಿದ ಮೇಲೆಯೇ ಅಂಟಿಸಿರಿ. ಅಡಾಪ್ಟರು ಬಿ.ಐ.ಎಸ್. ಗುರುತಿನದೂ ಮುಚ್ಚಿದ ಡಬ್ಬಿಯದೂ ಆಗಿರಲಿ. ಒಲೆಗೂ ನೀರಿಗೂ ದೂರವಿರಲಿ. ಮಕ್ಕಳ ಕೈ 12 ವೋಲ್ಟಿನ ಕಡೆಗೇ ನಿಲ್ಲಬೇಕು. ಗೋಡೆಯ 230 ವೋಲ್ಟಿನ ಕೆಲಸ ಇಲೆಕ್ಟ್ರಿಶಿಯನ್ನನದು. ಪಟ್ಟಿ ಕತ್ತರಿಸುವಾಗ ಪ್ಲಗ್ಗು ಗೋಡೆಯಿಂದ ಹೊರಗಿರಬೇಕು.

ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವರು ರವಿವಾರ ಬಿಟ್ಟು ಹೋಗಿರಿ. ಅಂದು ಬಹುಪಾಲು ಅಂಗಡಿಗಳಿಗೆ ಬೀಗ. ಹೊರಡುವ ಮುನ್ನ ಕಪಾಟಿನ ಉದ್ದ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿರಿ. ಅಂಗಡಿಯವನ ಪ್ರಶ್ನೆಗೆ ಉತ್ತರವನ್ನು ಮಗುವೇ ಹೇಳಲಿ.